ಕ್ಯಾಸೆಟ್ಟಿನ ಮೊದಲ ಮಗ್ಗುಲು

ನಿಂತ ಟ್ರಕ್ಕಿನ ವೈಪರು ಎಡಕ್ಕೆ ಹೋಗುವಾಗ ಒಂದು ಕೀರಲು, ಬಲಕ್ಕೆ ಬರುವಾಗ ಸದ್ದಿಲ್ಲ, ಮತ್ತೆ ಕೀರಲು, ನಡುವೆ ಎಲ್ಲೋ ಒಂದು ಪೆಟ್ಟು ತಪ್ಪುತ್ತದೆ, ರಬ್ಬರು ಹರಿದಿರಬೇಕು, ಆ ತಪ್ಪನ್ನೂ ಸೇರಿಸಿ ಎಣಿಸಿದರೆ ಏಳು, ನಾಲ್ಕು ಮತ್ತು ಮೂರು, ಲೈಲ್‌ನ ಮಂಡಿ ಆಗಲೇ ಏಳರ ತಾಳ ಹಿಡಿದು ಕುಣಿಯುತ್ತಿದೆ — ಥೂ ಇದರ, ಮಗನನ್ನು ಮಣ್ಣಿಗಿಳಿಸಿ ಬಂದ ಬೂಟಿನ ಕೆಸರು ಇನ್ನೂ ಒಣಗಿಲ್ಲ, ಈ ಮಂಡಿಗೆ ತಾಳ ಬೇಕಂತೆ. ಏಪ್ರಿಲ್ ಮುಗಿಯುತ್ತ ಬಂದರೂ ಹಿಮ, ನೆಲ ಮುಟ್ಟುವ ಮೊದಲೇ ನೀರಾಗುವ ಹಿಮ, ಇದು ಹಿಮವೂ ಅಲ್ಲ ಮಳೆಯೂ ಅಲ್ಲ, ಎಮರಿ ಇದ್ದಿದ್ದರೆ ನೋಡಪ್ಪಾ ಆಕಾಶಾನೂ ಜ್ಯಾಮ್ ಮಾಡ್ತಿದೆ, ಮನಸ್ಸಿಗೆ ಬಂದ ಹಾಗೆ ನುಡಿಸ್ತಿದೆ ಅನ್ನುತ್ತಿದ್ದ. ಜನವರಿಯಲ್ಲಿ ಸತ್ತವನಿಗೆ ಏಪ್ರಿಲ್‌ನಲ್ಲಿ ಗುಂಡಿ, ವರ್ಮಾಂಟ್‌ನ ನೆಲ ಕಲ್ಲಾಗಿರುವಾಗ ಯಾರು ತೋಡುತ್ತಾರೆ, ಚಳಿಗಾಲದಲ್ಲಿ ಸತ್ತವರೆಲ್ಲ ಸ್ಮಶಾನದ ಮಗ್ಗುಲಿನ ಕಲ್ಲುಕೋಣೆಯಲ್ಲಿ ನೆಲ ಕರಗುವ ತನಕ ಸರತಿಯಲ್ಲಿ ಮಲಗಿರಬೇಕು, ಎಮರಿಯೂ ಮಲಗಿದ್ದ, ಸರತಿಯಲ್ಲಿ ಕಾದು ಅಭ್ಯಾಸ ಇದ್ದವನೇ, ಕೋಲ್ಡ್ ರಿವರ್ ಬ್ಯಾಂಡಿನ ಸಂಗೀತ ಕಛೇರಿಗಳ ಬಾಗಿಲಲ್ಲಿ ಇಡೀ ಯೌವನ ಕಾದವನು, ಅವರದೇ ಕಛೇರಿ ಮುಗಿಸಿ ಬರುವಾಗ ರಸ್ತೆಯ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ, ಒಂದು ತಿರುವು, ಒಂದು ಮರ. ಮೂರು ತಿಂಗಳು ಲೈಲ್ ಗ್ರಾನೈಟ್ ಶೆಡ್ಡಿನಲ್ಲಿ ಸಮಾಧಿಕಲ್ಲುಗಳ ಮೇಲೆ ಬೇರೆಯವರ ಹೆಸರು ಕೊರೆಯುತ್ತ ಮಗನ ಕಲ್ಲನ್ನು ಮೂಲೆಯಲ್ಲಿ ಗೋಣಿ ಹೊದಿಸಿ ಇಟ್ಟಿದ್ದ, ಕೊನೆಗೆ ಹೋದ ವಾರ ಕೂತ, ಒಂದೊಂದೇ ಅಕ್ಷರ, ಕಲ್ಲಿನಲ್ಲಿ ಕೈ ತಪ್ಪಿದರೆ ತಪ್ಪಿತು, ಅಳಿಸಲು ಬರುವುದಿಲ್ಲ, ಅದಕ್ಕೇ ಕಲ್ಲು ಎಂದರೆ ಅವನಿಗೆ ಇಷ್ಟ, ಅದಕ್ಕೇ ಅವನಿಗೆ ಆ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಇಷ್ಟ, ಪ್ರತಿ ಸ್ವರ ಮೊದಲೇ ಕೊರೆದಿಟ್ಟದ್ದು, ಯಾವಾಗ ಹಾಕಿದರೂ ಅದೇ ಜಾಗದಲ್ಲಿ ಅದೇ ಗಂಟೆ ಬಾರಿಸುತ್ತದೆ.

ಎದುರಿಗೆ ಅಗ್ನಿಶಾಮಕ ದಳದ ಸಭಾಂಗಣ, ಮಣ್ಣು ಮುಗಿದ ಮೇಲಿನ ಊಟ ಅಲ್ಲೇ, ಜನ ಬೆಳ್ಳಿಹಾಳೆ ಮುಚ್ಚಿದ ತಟ್ಟೆಗಳನ್ನು ಎದೆಗವಚಿಕೊಂಡು ಓಡುತ್ತಿದ್ದಾರೆ, ಬೀನ್ಸು, ಮೆಕರೋನಿ, ಸಾವಿನ ಮನೆಗೆ ಯಾವಾಗಲೂ ಮೆಕರೋನಿ, ಬಾಗಿಲಲ್ಲಿ ಸೊಸೆ ಕಾರ್ಲಾ ಎಲ್ಲರ ಕೋಟು ಇಸಿದುಕೊಳ್ಳುತ್ತಿದ್ದಾಳೆ, ಆಗಲೇ ಒಮ್ಮೆ ಟ್ರಕ್ಕಿನ ಕಿಟಕಿಗೆ ಬಂದು ಒಳಗೆ ಬನ್ನಿ ಮಾವ, ಜನ ಕೇಳ್ತಿದಾರೆ ಎಂದಳು, ಬರ್ತೀನಮ್ಮ, ಐದು ನಿಮಿಷ ಎಂದ, ಆ ಐದು ನಿಮಿಷ ಯಾವಾಗಲೋ ಮುಗಿದಿದೆ. ಕೋಟಿನ ಜೇಬಿನಲ್ಲಿ ಕ್ಯಾಸೆಟ್ಟು. ಬೆಳಿಗ್ಗೆ ಗುಂಡಿಯ ಪಕ್ಕದಲ್ಲೇ ಅದನ್ನು ಕೊಟ್ಟವನು ಬಕೆಟ್, ಮಗನ ಗೆಳೆಯ, ಮದುವೆಗೂ ಮಸಣಕ್ಕೂ ಬಕೆಟ್ಟಿನಂಥದೇ ಟೋಪಿ ಹಾಕಿಕೊಂಡು ಬರುವವನು, ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಮರೆತಿರಬೇಕು. ತಗೊಳ್ಳಿ ಯಜಮಾನ್ರೆ, ಕಾರ್ಲಾ ಹೇಳಿದ್ಮೇಲೇ ನನಗೆ ಗೊತ್ತಾಗಿದ್ದು ನೀವು ಹುಡುಕ್ತಿದೀರ ಅಂತ, ಇದು ಮೂಲ, ನನ್ನ ಹತ್ರಾನೇ ಉಳಿದಿತ್ತು, ಹಂಚಿದ ಪ್ರತಿಗಳಲ್ಲಿ ಅವನು ತನ್ನ ಮಾತು ಕತ್ತರಿಸಿದ್ದ, ಮೊದಲನೇ ಮಗ್ಗುಲು, ಕೊನೇಲಿದೆ, ಆದ್ರೆ ಒಬ್ರೇ ಇರೋವಾಗ ಕೇಳಿ, ಎಂದು ಟೋಪಿ ತೆಗೆದ, ಅವನ ತಲೆ ಬೋಳಾಗಿರುವುದನ್ನು ಲೈಲ್ ನೋಡಿದ್ದು ಅದೇ ಮೊದಲು. ಹುಡುಕಿದ್ದು ಹೌದು, ಚಳಿಗಾಲವಿಡೀ ಹುಡುಕಿದ. ಫೆಬ್ರವರಿಯಲ್ಲಿ ಮೊಮ್ಮಗಳು ವಿನಿ ಎಮರಿಯ ಕೋಣೆಯಲ್ಲಿ ನಿಂತು, ಗೋಡೆಯ ತುಂಬ ನೆಲದಿಂದ ಮೇಲಿನ ತನಕ ಜೋಡಿಸಿಟ್ಟ ಕ್ಯಾಸೆಟ್ಟುಗಳನ್ನು ತೋರಿಸಿ ಕೇಳಿದ್ದಳು, ತಾತಾ, ಇಷ್ಟರಲ್ಲಿ ಡ್ಯಾಡಿ ಮಾತಾಡೋದು ಯಾವುದು. ಆರು ವರ್ಷದ ಹುಡುಗಿ, ಸುಮ್ಮನೆ ಕೇಳಿದಳು, ಕುಡಿಯಲು ನೀರು ಕೇಳಿದ ಹಾಗೆ. ಇರತ್ತೆ ಪುಟ್ಟಾ, ಹುಡುಕಿ ಕೊಡ್ತೀನಿ ಎಂದುಬಿಟ್ಟ, ಹಾಗೆನ್ನಬಾರದಿತ್ತು, ಮದುವೆಯ ವಿಡಿಯೋದಲ್ಲೇ ಎಮರಿಯ ದನಿ ಇಲ್ಲ, ಸೌಂಡು ಸರಿ ಇಲ್ಲ ಎಂದು ತಂತಿ ಹಿಡಿದು ಮೂಲೆಯಲ್ಲಿ ಕೂತಿದ್ದ ಮದುಮಗ ಅವನು, ಮನೆಯ ಫೋನಿನ ಯಂತ್ರದಲ್ಲಿ ಇರುವುದು ಕಾರ್ಲಾಳ ದನಿ. ಮಗುವಿಗೆ ದನಿ ಮರೆಯಲು ಎಷ್ಟು ದಿನ ಬೇಕು, ಲೈಲ್‌ಗೇ ಆಗಲೇ ಮಸುಕಾಗುತ್ತಿದೆ, ಎಮರಿ ನಕ್ಕಾಗ ಕೊನೆಗೊಂದು ಸೀಳು ಬರುತ್ತಿತ್ತೋ ಇಲ್ಲವೋ.

ದಿನಾ ಶೆಡ್ಡಿನಿಂದ ಬಂದು, ಕಿವಿಯಲ್ಲಿ ಯಂತ್ರದ ಗುಂಯ್ ಇನ್ನೂ ಆರದಿರುವಾಗಲೇ ಒಂದಾದ ಮೇಲೊಂದು ಕ್ಯಾಸೆಟ್ಟು ಹಾಕಿ ಕೂತ, ಇಡೀ ಬದುಕಿನಲ್ಲಿ ಕೇಳಲಾರೆ ಎಂದು ಜಗಳವಾಡಿದ ಸಂಗೀತವನ್ನು ಎರಡು ತಿಂಗಳಿಗೂ ಹೆಚ್ಚು ಒಂದೇ ಸಮನೆ ಕುಡಿದ, ಗಿಟಾರು ಅಲೆಯುತ್ತದೆ, ಡೊಳ್ಳು ಬಡಿದುಕೊಳ್ಳುತ್ತದೆ, ಒಂದೇ ಹಾಡು ಇಪ್ಪತ್ತು ನಿಮಿಷ, ಮಾರನೆಯ ಊರಿನಲ್ಲಿ ಅದೇ ಹಾಡು ಮೂವತ್ತು, ಎಲ್ಲಿಗೆ ಹೊರಟಿದ್ದೇವೆಂದು ನುಡಿಸುವವರಿಗೇ ಗೊತ್ತಿಲ್ಲ, ಜನ ಕೂಗುತ್ತಾರೆ, ಯಾರೋ ಒಬ್ಬಳು ನಗುತ್ತಾಳೆ, ಆದರೆ ಎಮರಿ ಇಲ್ಲ, ಒಂದು ಕೆಮ್ಮೂ ಇಲ್ಲ. ಎಮರಿಯ ಹಾಗೆ ಕಛೇರಿಯನ್ನು ಟೇಪಿಗೆ ಇಳಿಸುವವರ ಕಟ್ಟುನಿಟ್ಟು ಅದು, ಮೈಕಿನ ಹತ್ತಿರ ನಿಂತವನು ಬಾಯಿ ಬಿಡಕೂಡದು, ಬಾಯಿ ಬಿಟ್ಟರೆ ಆ ಮಾತು ಊರೂರಿಗೆ ಪ್ರತಿಯಾಗಿ ಹೋಗುತ್ತದೆ, ಎಲ್ಲ ಕ್ಯಾಸೆಟ್ಟುಗಳಲ್ಲೂ ಮಗ ಇದ್ದಾನೆ, ಯಾವುದರಲ್ಲೂ ಇಲ್ಲ, ಅಷ್ಟು ಅಚ್ಚುಕಟ್ಟಾಗಿ ಸುಮ್ಮನಿರುವುದನ್ನು ಅವನು ಎಲ್ಲಿ ಕಲಿತ — ಇವನ ಹತ್ತಿರವೇ. ಗ್ಯಾರೇಜಿನಲ್ಲಿ ಒಂದೇ ಕುರ್ಚಿ, ಒಂದು ರೆಕಾರ್ಡ್ ಪ್ಲೇಯರು, ಇಂಗ್ಲೆಂಡಿನ ಸೇಂಟ್ ಆಲ್ಡರ್ ಬ್ಯಾಂಡಿನ ಆ ದೊಡ್ಡ ರೆಕಾರ್ಡು, ಒಂದು ಮಗ್ಗುಲಿಡೀ ಒಂದೇ ಕೃತಿ, ಮುಖಪುಟದಲ್ಲಿ ಸಮುದ್ರದ ತಳದ ಗಡಿಯಾರದ ಗೋಪುರ, ಕುರ್ಚಿಯ ಕಾಲ ಬುಡದಲ್ಲಿ ಮಂಡಿ ಮಡಚಿ ಕೂತ ಪುಟ್ಟ ಎಮರಿ, ಸೂಜಿ ಇಳಿದ ಮೇಲೆ ಮಾತಿಲ್ಲ ಎಂದು ಇವನು, ಆಯ್ತಪ್ಪಾ ಎಂದು ಅವನು, ಏಳರ ತಾಳ ಐದಕ್ಕೆ ಮುರಿಯುವ ಜಾಗದಲ್ಲಿ ಇಬ್ಬರೂ ಒಟ್ಟಿಗೆ ತಲೆ ಆಡಿಸುತ್ತಿದ್ದರು, ಅಷ್ಟೇ, ಅದೇ ಅವರ ಮಾತುಕತೆ. ಆಮೇಲೆ ಎಮರಿ ಕಾಲೇಜು ಬಿಟ್ಟು ಕೋಲ್ಡ್ ರಿವರಿನ ಆ ಅಲೆಮಾರಿಗಳ ಹಿಂದೆ ಹೋದ, ಬಂದಾಗಲೆಲ್ಲ ಊಟದ ಮೇಜಿನ ಮೇಲೆ ಅದೇ ಜಗಳ, ನಮ್ಮೋರು ಮನೆ ಕಟ್ತಾರೆ ಕಣೋ, ಪಾಯ ಹಾಕಿ ಕಂಬ ನಿಲ್ಲಿಸಿ, ನಿಮ್ಮೋರು ಹಸು ಅಟ್ಕೊಂಡು ಹೋದ ಹಾಗೆ ಹೋಗ್ತಾರೆ, ಅದು ಎಲ್ಲಿ ಮೇಯುತ್ತೋ ಅಲ್ಲಿ ಹಾಡು. ನಿಮ್ಮೋರು ಸ್ಟೇಜ್ ಮೇಲೆ ಪರೀಕ್ಷೆ ಬರೀತಾರಪ್ಪಾ, ಉತ್ತರ ಬಾಯಿಪಾಠ ಮಾಡ್ಕೊಂಡು ಬಂದಿರ್ತಾರೆ, ನಿನಗೆ ಗೊತ್ತಿರೋದನ್ನೇ ಅವರು ಹೇಳ್ಬೇಕು, ಇಲ್ಲಾಂದ್ರೆ ನಿನಗೆ ನಿದ್ದೆ ಬರಲ್ಲ. ತಪ್ಪು ನುಡಿಸಿದ್ರೂ ನಿಮ್ಮಲ್ಲಿ ಚಪ್ಪಾಳೆ ಕಣೋ. ತಪ್ಪೇ ಅಲ್ವೇನಪ್ಪಾ ಮುಂದಕ್ಕೆ ದಾರಿ ತೋರ್ಸೋದು. ಕಲ್ಲು ಕೆತ್ತುವವನಿಗೆ ಹೇಳುವ ಮಾತೇ ಇದು. ಈಗ ನೋಡಿದರೆ ಎಲ್ಲ ತಲೆಕೆಳಗು, ಒಮ್ಮೆ ನುಡಿಸಿದ್ದನ್ನು ಮತ್ತೆ ನುಡಿಸುವುದಿಲ್ಲ ಎಂದವರ ಸಂಗೀತ ಟೇಪಿನಲ್ಲಿ ಕಲ್ಲಿಗಿಂತ ಗಟ್ಟಿಯಾಗಿ ನಿಂತಿದೆ, ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಅದೇ ಕೂಗು ಅದೇ ನಗು, ಸೇಂಟ್ ಆಲ್ಡರ್ ಹಾಕಿದರೆ ಮಾತ್ರ ಏನೋ ಬದಲಾಗಿದೆ, ಐದಕ್ಕೆ ಮುರಿಯುವ ಜಾಗ ಈಗ ಬೇರೆ ಕಡೆ ಬರುತ್ತದೆ, ಕುರ್ಚಿಯ ಬುಡದಲ್ಲಿ ಆಡುವ ಇನ್ನೊಂದು ತಲೆ ಇಲ್ಲ, ಇವನು ಸೂಜಿ ಎತ್ತಿಬಿಟ್ಟ.

ಜೇಬಿನ ಕ್ಯಾಸೆಟ್ಟು ಟ್ರಕ್ಕಿನ ಪ್ಲೇಯರಿನ ಬಾಯಿಗೆ ಹೋಯಿತು, ಹಿಂದಕ್ಕೆ ಓಡಿಸಿದ, ಮುಂದಕ್ಕೆ ಓಡಿಸಿದ, ಆಗಲೇ ಎಷ್ಟು ಸಲವೋ ಕೇಳಿದ್ದಾನೆ, ಮತ್ತೊಮ್ಮೆ. ಕೋಲ್ಡ್ ರಿವರಿನ ಕಛೇರಿ, ಕೆರೆಯ ಪಕ್ಕದ ಬಯಲು, ಜುಲೈ, ಇವನಿಗೆ ಐವತ್ತು ತುಂಬಿದ ವಾರ, ಬಾಪ್ಪಾ, ಒಂದೇ ಒಂದ್ಸಲ ಬಾ, ಬೈಯೋಕಾದ್ರೂ ನೋಡಿ ಬೈ ಎಂದು ಎಮರಿ ಎಳೆದುಕೊಂಡು ಹೋಗಿದ್ದ, ಕಾರು ನಿಲ್ಲಿಸುವ ಜಾಗದಲ್ಲೇ ಯಾರೋ ಚೀಸ್ ಬ್ರೆಡ್ಡು ಸುಟ್ಟು ಮಾರುತ್ತಿದ್ದರು, ಮಗ ಕೊಡಿಸಿದ, ಚೆನ್ನಾಗಿತ್ತು, ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ವೇದಿಕೆಯ ಎದುರು ಕೋಲುಗಳ ಕಾಡು, ಕೋಲುಗಳ ತುದಿಯಲ್ಲಿ ಕಾಗೆಗಳ ಹಾಗೆ ಜೋಡಿ ಜೋಡಿ ಮೈಕುಗಳು, ಬುಡದಲ್ಲಿ ಗಂಡಸರು ತಲೆ ಬಗ್ಗಿಸಿ ಚರ್ಚಿನಲ್ಲಿ ಕೂತ ಹಾಗೆ ಕೂತಿದ್ದರು. ಒಂದೇ ಒಂದು ಮಾತಪ್ಪಾ, ಇಲ್ಲಿ ಮಾತಾಡ್ಬೇಡ, ಕೆಮ್ಬೇಡ, ಉಸಿರಾಡ್ಬಹುದು. ಎಮರಿಯ ಕಣ್ಣು ರೆಕಾರ್ಡರಿನ ಪುಟ್ಟ ಕಿಟಕಿಯ ಮೇಲೆ, ಹೆಬ್ಬೆರಳು ಗುಂಡಿಯ ಮೇಲೆ, ಟೇಪು ಮುಗಿಯುವ ಮೊದಲು ಹಾಡುಗಳ ನಡುವಿನ ಸಂದಿ ನೋಡಿ ಕ್ಯಾಸೆಟ್ಟಿನ ಮಗ್ಗುಲು ಬದಲಿಸಬೇಕು, ಈ ಬ್ಯಾಂಡಿಗೆ ಸಂದಿಯೇ ಇಲ್ಲ, ಆದ್ದರಿಂದ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬದಲಿಸಬೇಕು, ತಪ್ಪಿದರೆ ಆ ಕಛೇರಿಯಲ್ಲಿ ಶಾಶ್ವತವಾಗಿ ಒಂದು ತೂತು, ಎಮರಿ ಒಮ್ಮೆಯೂ ತಪ್ಪಿದವನಲ್ಲ ಎಂದು ಬಕೆಟ್ ಇವತ್ತೂ ಆಣೆ ಮಾಡಿದ, ಒಂದು ಸಲ ಬಿಟ್ಟು. ಗಿಟಾರು ತಿರುಗಿದ್ದೇ ತಿರುಗಿತು, ಇವನು ಎಣಿಸುತ್ತ ನಿಂತಿದ್ದ, ಏಳಲ್ಲ, ಐದಲ್ಲ, ಬರೀ ನಾಲ್ಕು, ನಾಲ್ಕು, ನಾಲ್ಕು, ಕಾಲು ನೋಯುತ್ತಿತ್ತು, ಆಮೇಲೆ ಎಲ್ಲ ವಾದ್ಯಗಳೂ ಒಟ್ಟಿಗೆ ತಗ್ಗಿ ಪಿಸುಮಾತಿನಷ್ಟಾದವು, ಇಡೀ ಬಯಲು ಉಸಿರು ಹಿಡಿದಿತ್ತು, ಆಗ ಇವನ ಬಾಯಿ. ಇದು ಯಾವಾಗ ಮುಗಿಯುತ್ತೋ. ಟ್ರಕ್ಕಿನ ಸ್ಪೀಕರಿನಿಂದ ಅದೇ ದನಿ, ಇಷ್ಟು ಸಿಡುಕೇ ತನ್ನದು, ಇಷ್ಟು ಒಣಕಲೇ, ಬೆಳಿಗ್ಗೆ ಎಲ್ಲೋ ದೂರದ ಆರೆಗನ್‌ನಿಂದ ಬಂದ ನರೆತ ಜಡೆಯ ಹೆಂಗಸು ಕೈ ಹಿಡಿದು ಸಮಾಧಾನ ಹೇಳುತ್ತಿದ್ದಳು, ಬಂದಿದ್ದಕ್ಕೆ ಸಂತೋಷ ಎಂದು ಇವನು ಅಂದದ್ದೇ ತಡ ಅವಳ ಕಣ್ಣು ಅರಳಿತು, ಅಯ್ಯೋ, ಆ ಟೇಪಿನಲ್ಲಿ ಯಾವಾಗ ಮುಗಿಯುತ್ತೋ ಅನ್ನೋ ಯಜಮಾನ್ರು ನೀವೇನಾ, ನಮ್ಮನೇಲಿ ಅಡುಗೆ ತಡ ಆದ್ರೆ ಎಲ್ಲಾರೂ ನಿಮ್ಮ ಹಾಗೇ ಹೇಳ್ತೀವಿ, ಎಂದವಳು ಅಲ್ಲೇ ನಾಲಿಗೆ ಕಚ್ಚಿಕೊಂಡಳು. ಅಂದರೆ ಮಗನ ಸಮಾಧಿಯ ಮುಂದೆ ನಿಂತವರಲ್ಲಿ ಅರ್ಧ ಜನಕ್ಕೆ ಇವನ ದನಿ ಗೊತ್ತು, ಮಗನದು ಗೊತ್ತಿಲ್ಲ. ಟೇಪಿನಲ್ಲಿ ಆ ಮಾತಿನ ಬೆನ್ನಿಗೆ ಒಂದು ಉಸಿರು, ಹತ್ತಿರದಲ್ಲೇ, ನಗುವ ಮೊದಲಿನ ಉಸಿರು, ಮತ್ತು ಎಮರಿ — ಅಪ್ಪಾ, ಇದು — ಟಕ್ ಎಂದು ಟ್ರಕ್ಕಿನ ಗುಂಡಿ ಮೇಲೆದ್ದಿತು, ಮಗ್ಗುಲು ಮುಗಿಯಿತು, ಅವತ್ತೂ ಟೇಪು ಇಲ್ಲೇ ಮುಗಿದದ್ದು, ಎಮರಿಯ ಹೆಬ್ಬೆರಳು ಗುಂಡಿ ಬಿಟ್ಟಿತ್ತು, ಆ ಕೈ ಮೇಲೆದ್ದು ಅಪ್ಪನ ಹೆಗಲಿನ ಕಡೆ ಬರುತ್ತಿತ್ತು.

ಆಮೇಲೆ ಎಮರಿ ಏನೆಂದ, ತುಟಿ ಆಡಿದ್ದು ನೆನಪಿದೆ, ಹೆಗಲ ಮೇಲೆ ಕೈಯ ಭಾರ ನೆನಪಿದೆ, ಆ ಹೊತ್ತಿಗೇ ಡೊಳ್ಳು ಸಿಡಿದು ಬಯಲೆಲ್ಲ ಕಿರುಚಿತು, ಕೇಳಿಸಿದವನ ಹಾಗೆ ಇವನು ತಲೆ ಆಡಿಸಿದ, ಹೂಂ ಹೂಂ ಎಂದ, ಏನಂದೆ ಎಂದು ಕೇಳಬಹುದಿತ್ತು, ಕೇಳಲಿಲ್ಲ, ಎಮರಿ ತಲೆ ತಗ್ಗಿಸಿ ರೆಕಾರ್ಡರು ನೋಡಿದ, ಒಂದು ಕ್ಷಣ ಹಾಗೇ ನೋಡಿದ, ಮಗ್ಗುಲು ಬದಲಿಸಿದ, ಆಮೇಲೆ ದಾರಿಯುದ್ದಕ್ಕೂ ಅದರ ಮಾತೇ ಎತ್ತಲಿಲ್ಲ. ಸೇಂಟ್ ಆಲ್ಡರಿನ ಪ್ರತಿ ಸ್ವರವನ್ನು ಇವನು ಶಿಳ್ಳೆ ಹಾಕಿ ತೋರಿಸಬಲ್ಲ. ಕಿಟಕಿಗೆ ಟಕ್ ಟಕ್, ವಿನಿ, ಕೈಯಲ್ಲಿ ಕಾಗದದ ತಟ್ಟೆ, ಮೆಕರೋನಿಯ ಮೇಲೆ ಹಿಮ ಬೀಳುತ್ತಿದೆ, ಅಮ್ಮ ಕೊಟ್ಲು ತಾತಾ, ನೀನು ತಿನ್ಲೇಬೇಕಂತೆ, ಎಂದು ಆಚೆ ಬಾಗಿಲು ತೆರೆದು ಹತ್ತಿ ಕೂತಳು, ಮರಿಬೂಟಿನಿಂದಲೂ ಅದೇ ಕೆಸರು, ಸುತ್ತ ನೋಡಿದಳು, ಕ್ಯಾಸೆಟ್ಟಿನ ಪೆಟ್ಟಿಗೆಯನ್ನು ನೋಡಿದಳು, ಸಿಕ್ತಾ ಎಂದಳು. ಸುಳ್ಳು ಹೇಳಬಹುದು. ಸಿಕ್ಕಿತು ಪುಟ್ಟಾ, ತುಂಬಾ ಚಿಕ್ಕದು. ಹಾಕು. ಹಿಂದಕ್ಕೆ ಓಡಿಸಿದ, ಗುಂಡಿ ಒತ್ತಿದ, ಗಿಟಾರು ತಗ್ಗಿತು, ಇದು ಯಾವಾಗ ಮುಗಿಯುತ್ತೋ, ವಿನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ತಾತಾ ನೀನು, ಶ್ ಎಂದ, ಅವಳು ಬಾಯಿ ಮುಚ್ಚಿ ಮಂಡಿ ಮಡಚಿ ಕೂತಳು, ಅದೇ ಥರ, ತಲೆ ಬಗ್ಗಿಸಿ, ಉಸಿರು ಬಂತು, ಅಪ್ಪಾ, ಇದು — ಟಕ್. ವಿನಿ ಅಲ್ಲಾಡಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದಳು. ಆಮೇಲೆ, ಎಂದಳು, ಆಮೇಲೆ ಡ್ಯಾಡಿ ಏನಂದ. ಏನಾದರೂ ಹೇಳಿಬಿಡಬಹುದು, ಅಪ್ಪಾ ಇದು ಮುಗಿಯಲ್ಲ ಅಂದ, ಅಪ್ಪಾ ಇದು ಬೇಗ ಮುಗಿಯುತ್ತೆ ಅಂದ, ಅಪ್ಪಾ ಇದು ನಿನಗೋಸ್ಕರ ಅಂದ, ಎಮರಿಯಾಗಿದ್ದರೆ ಥಟ್ಟನೆ ಒಂದು ನುಡಿಸಿಬಿಡುತ್ತಿದ್ದ, ಇವನಿಗೆ ಬರುವುದಿಲ್ಲ, ಕಂಠಪಾಠವಿಲ್ಲದ ಒಂದು ಸ್ವರವೂ ಇವನಿಗೆ ಬರುವುದಿಲ್ಲ, ಹುಡುಗಿ ಕಾಯುತ್ತಿದ್ದಾಳೆ, ವೈಪರು ಕಿರುಗುಟ್ಟುತ್ತಿದೆ, ಹಿಂದಕ್ಕೆ ಓಡಿಸಿ ಮತ್ತೆ ಒತ್ತಿದ, ಅಪ್ಪಾ, ಇದು — ಟಕ್ — ಗುಂಡಿ ಬಿಟ್ಟ ಕೈ, ಇನ್ನೂ ಹೆಗಲು ಮುಟ್ಟದ ಕೈ — ಮತ್ತೆ ಒತ್ತಿದ, ಅಪ್ಪಾ, ಇದು — ಟಕ್ — ಗಾಳಿಯಲ್ಲಿ ಆ ಕೈ —