ಮಗ್ಗ ನಿಂತ ಅರ್ಧ ತಾಸು

ರಾಜಕುಮಾರ ಜಮಖಂಡಿಯ ಪದವಿ ಕಾಲೇಜೊಂದರಲ್ಲಿ ಭೂಗೋಳದ ಅತಿಥಿ ಉಪನ್ಯಾಸಕ. ಬೇಸಿಗೆ ಬಂತೆಂದರೆ ಕಾಲೇಜು ಅವನನ್ನು ಕೈಬಿಡುತ್ತಿತ್ತು, ಮಳೆ ಬಿದ್ದ ಮೇಲೆ ಮತ್ತೆ ಕರೆಯುತ್ತಿತ್ತು. ತಾನೊಂದು ಮುಂಗಾರಿ ಬೆಳೆ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ನಗುತ್ತ ನಗುತ್ತಲೇ ತಲೆ ಅರ್ಧ ಬೆಳ್ಳಗಾಗಿತ್ತು.

ಆ ವರ್ಷ ವಿಶ್ವವಿದ್ಯಾಲಯ ಒಂದು ಹೊಸ ಕೆಲಸಕ್ಕೆ ಕೈಹಾಕಿತು. ಗಣಿತದಿಂದ ಹಿಡಿದು ಗೃಹವಿಜ್ಞಾನದವರೆಗೆ ಎಲ್ಲ ವಿಷಯಗಳ ಪಾಠಗಳನ್ನೂ ವಿಡಿಯೊ ಮಾಡಿಸಿ ಅಂತರ್ಜಾಲಕ್ಕೆ ಏರಿಸುವುದು. ಹುನ್ನೂರಿನಂಥ ಹಳ್ಳಿಯ ಹುಡುಗಿಯೂ ಮನೆಯ ಕಟ್ಟೆಯ ಮೇಲೆ ಕೂತು ತನಗೆ ಬೇಕಾದ್ದನ್ನು ಕಲಿಯಲಿ ಎಂಬುದು. ಪಾಠ ಮಾಡಬಯಸುವವರು ಅರ್ಧ ತಾಸಿನ ಮಾದರಿ ಪಾಠವನ್ನು ಫೋನಿನಲ್ಲೇ ಚಿತ್ರೀಕರಿಸಿ ರವಿವಾರ ಸಂಜೆಯೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಸ್ಟುಡಿಯೋಗೆ ಕರೆ. ಅತಿಥಿಗಳೂ ಕಳಿಸಬಹುದು. ಹಿನ್ನೆಲೆಯಲ್ಲಿ ಗದ್ದಲ ಇರಕೂಡದು.

ರಾಜಕುಮಾರನಿಗೆ ಇದು ತನಗಾಗಿಯೇ ಹೊರಟ ಆದೇಶ ಅನ್ನಿಸಿತು. ಅತಿಥಿಯನ್ನು ವರ್ಷವರ್ಷವೂ ಕೆಳಗಿಳಿಸುತ್ತಾರೆ. ವಿಡಿಯೊ ಒಮ್ಮೆ ಏರಿತೆಂದರೆ ಇಳಿಸುವವರು ಯಾರು? ತಾನು ಕಾಯಂ ಆಗದಿದ್ದರೂ ತನ್ನ ಮುಖವಾದರೂ ಒಂದು ಕಡೆ ಕಾಯಂ ಆಗುತ್ತದೆ. ಪಾಠಕ್ಕೆ ಜ್ವಾಲಾಮುಖಿಯನ್ನು ಆರಿಸಿಕೊಂಡ. ಅದನ್ನು ಅವನು ಕಂಡವನಲ್ಲ; ಕಾಣದ್ದರ ಬಗ್ಗೆಯೇ ಅವನಿಗೆ ಮಾತು ಸಲೀಸು.

ತೊಡಕು ಇದ್ದದ್ದು ಗದ್ದಲದ್ದು. ಕಾಲೇಜಿನಲ್ಲಿ ಪರೀಕ್ಷೆ ನಡೆದು ಒಂದು ಕೋಣೆಯೂ ಖಾಲಿ ಇರಲಿಲ್ಲ. ಹೆಂಡತಿ ವಂದನಾಳ ತವರು ಬಾಡಗಂಡಿ. ಅಲ್ಲಿ ಭಾವಮೈದುನನ ಹೊಲದ ಬದುವಿನಲ್ಲಿ ಕಬ್ಬಿಗೆ ಬೆನ್ನು ಕೊಟ್ಟು ನಿಂತ. “ಭೂಮಿಯ ಒಡಲಿನಲ್ಲಿ ಕುದಿಯುವ ಶಿಲಾರಸ...” ಎನ್ನುವಷ್ಟರಲ್ಲಿ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರೊಂದು ನೆಲ ನಡುಗುವಂತೆ ಹಾಡು ಹಚ್ಚಿಕೊಂಡು ಬಂತು. ಅದು ಮರೆಯಾಗುವ ಮೊದಲೇ ಇನ್ನೊಂದು, ಅದಕ್ಕಿಂತ ದೊಡ್ಡ ಸ್ಪೀಕರಿನದು. ಸಂಜೆಯವರೆಗೆ ಶಿಲಾರಸ ಒಡಲಿನಲ್ಲೇ ಉಳಿಯಿತು.

ಇನ್ನುಳಿದದ್ದು ಬನಹಟ್ಟಿಯ ಸ್ವಂತ ಮನೆ. ಪಡಸಾಲೆಯಲ್ಲಿ ಅಣ್ಣ ನಾಮದೇವನ ಪಾವರ್‌ಲೂಮುಗಳು. ಎಡಕ್ಕೂ ಬಲಕ್ಕೂ ಎದುರಿಗೂ ಅವೇ. ಆ ಓಣಿಯಲ್ಲಿ ಹುಟ್ಟಿದವರು ಮೊದಲು ಕೂಗಲು ಕಲಿತು ಆಮೇಲೆ ಮಾತಾಡಲು ಕಲಿಯುತ್ತಿದ್ದರು. ಕರೆಂಟು ಹೋದಾಗ ಮಗ್ಗ ನಿಲ್ಲುವುದುಂಟು. ಆಗ ಎಲ್ಲರೂ ಕಟ್ಟೆಗೆ ಬಂದು ಕೂತು ಅದೇ ದನಿಯಲ್ಲಿ ಹರಟುತ್ತಿದ್ದುದರಿಂದ ಲಾಭವಿಲ್ಲ. ಮಗ್ಗಕ್ಕೆ ರಜೆ ಸಿಗುವ ಅಮಾವಾಸ್ಯೆ ಇನ್ನೂ ದೂರವಿತ್ತು.

ಶನಿವಾರ ರಾಜಕುಮಾರ ಅಣ್ಣನ ಕಿವಿಗೆ ಬಾಯಿ ಹಚ್ಚಿ ಕೂಗಿದ. “ಅಣ್ಣಾ, ನಾಳಿ ಅರ್ಧಾ ತಾಸ ಮಗ್ಗ ನಿಲ್ಲಸ್ತೀಯೇನು?”

“ಯಾಕ, ಆರಾಮ ಇಲ್ಲೇನ?”

“ಪಾಠದ ವಿಡಿಯೊ ಮಾಡಬೇಕು!”

ನಾಮದೇವ ಕೈಯೊರಸಿಕೊಂಡು ಹೊರಗೆ ಬಂದ. ತಮ್ಮ ಓದಲಿ ಎಂದು ತಾನು ಸಾಲಿ ಬಿಟ್ಟು ಮಗ್ಗಕ್ಕೆ ನಿಂತವನು ಅವನು. ಅದನ್ನು ಎಂದೂ ಆಡಿ ತೋರಿಸಿದವನಲ್ಲ. “ನಮ್ಮವಷ್ಟ ನಿಂತ್ರ ಏನೂ ಆಗೂದಿಲ್ಲೋ. ನಿಲ್ಲಸೂದಾದ್ರ ಓಣಿ ಪೂರ್ತಿ ನಿಲ್ಲಸಬೇಕು. ತಡಿ, ನಾ ಹೇಳ್ತೀನಿ” ಎಂದವನೇ ಮನೆಮನೆಗೆ ಹೋದ. “ನಮ್ಮ ರಾಜಕುಮಾರನ ಸಲುವಾಗಿ ನಾಳಿ ಹನ್ನೊಂದಕ್ಕ ಅರ್ಧಾ ತಾಸ ಮಗ್ಗ ಬಂದ್ ಮಾಡ್ರಿ. ಜ್ವಾಲಾಮುಖಿ ಪಾಠ ಐತಿ.”

“ನಮ್ಮ ಬನಹಟ್ಟ್ಯಾಗ ಎಲ್ಲಿ ಬಂತೋ ಜ್ವಾಲಾಮುಖಿ?” ಎಂದು ಎದುರುಮನೆಯ ಗುರುಪಾದ ಕೇಳಿದ.

“ಇಲ್ಲಂತನ ವಿಡಿಯೊ ಮಾಡ್ತಾನ. ಇದ್ದಿದ್ರ ಹೋಗಿ ನೋಡಿ ಬರತಿದ್ವಿ.”

ಎಲ್ಲರೂ ಒಪ್ಪಿದರು. ಒಪ್ಪುವಾಗ ಒಂದು ಮಾತು ಯಾರಿಗೂ ಹೊಳೆಯಲಿಲ್ಲ. ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ ಹೆಣ ಎತ್ತುವವರೆಗೆ ಮಗ್ಗ ನಿಲ್ಲಿಸುವುದು ಅಲ್ಲಿಯ ರೂಢಿ. ಅಮಾವಾಸ್ಯೆಯಲ್ಲದ ದಿನ ಕರೆಂಟು ಇದ್ದೂ ಓಣಿ ಸುಮ್ಮನಾಯಿತೆಂದರೆ ಅರ್ಥ ಅದೊಂದೇ.

ರವಿವಾರ ಮುಂಜಾನೆ ಅಂಗಳದ ಕಡೆಯ ಕೋಣೆಯಲ್ಲಿ ಗೋಡೆಯ ಮೇಲಿನ ಕ್ಯಾಲೆಂಡರು ಕಾಣದಂತೆ ಬಿಳಿ ಚಾದರ ಇಳಿಬಿಟ್ಟರು. ರಾಜಕುಮಾರ ಬಿಳಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತ. ಹಣೆ ಮಿಂಚುತ್ತದೆ ಎಂದು ವಂದನಾ ಮುಖದ ತುಂಬ ಪೌಡರು ಬಡಿದು, ಬಾಗಿಲು ಮುಚ್ಚಿ, ಫೋನು ಹಿಡಿದು ನಿಂತಳು. ಹನ್ನೊಂದಕ್ಕೆ ಒಂದೊಂದಾಗಿ ಮಗ್ಗಗಳು ನಿಂತವು.

ಆ ನಿಶ್ಶಬ್ದಕ್ಕೆ ರಾಜಕುಮಾರ ಬೆಚ್ಚಿದ. ಮದುವೆಯಲ್ಲಿ ಉಡುಗೊರೆ ಬಂದ ಗಡಿಯಾರ ಟಿಕ್ ಟಿಕ್ ಅನ್ನುತ್ತದೆಂದು ಅವನಿಗೆ ಗೊತ್ತಾದದ್ದು ಅಂದೇ. ಪಕ್ಕದ ಮನೆಯಲ್ಲಿ ಭಾಗ್ಯಾಳ ಕೂಸು, ಮಗ್ಗದ ಸದ್ದಿನಲ್ಲೇ ಮಲಗಿ ರೂಢಿಯಾದದ್ದು, ಸದ್ದು ನಿಂತ ಕೂಡಲೇ ಎದ್ದು ಅಳತೊಡಗಿತು. ಅದು ಅಳುವುದು ನಿಲ್ಲಿಸಲೆಂದು ಕಾದ. ಕಡೆಗೆ ಗಂಟಲು ಸರಿಮಾಡಿಕೊಂಡು “ಆತ್ಮೀಯ ವಿದ್ಯಾರ್ಥಿಗಳೇ” ಎಂದ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆಟೋ ನಿಂತ ಸದ್ದು, ಅದರ ಹಿಂದೆಯೇ ಹೆಣ್ಣುಮಕ್ಕಳ ಅಳು. ನಾಮದೇವ ಹೇಳಿದ ಮಾತು ಬಾಯಿಂದ ಬಾಯಿಗೆ ಪಕ್ಕದ ರಬಕವಿಯವರೆಗೆ ಹೋಗುವಾಗ ನಾಳೆಯೂ ಅರ್ಧ ತಾಸೂ ಜ್ವಾಲಾಮುಖಿಯೂ ದಾರಿಯಲ್ಲೇ ಉದುರಿದ್ದವು. ರಾಜಕುಮಾರನ ಸಲುವಾಗಿ ಮಗ್ಗ ನಿಂತಾವು ಎಂಬುದಷ್ಟೇ ಅಂದು ಮುಂಜಾನೆ ಅಲ್ಲಿದ್ದ ಸೋದರತ್ತೆ ಇಂದ್ರವ್ವನಿಗೆ ಮುಟ್ಟಿತ್ತು. ಆಕೆ ಮೂರು ಜನ ಗೆಳತಿಯರನ್ನು ಕರೆದುಕೊಂಡು ಬಂದು, ಮುಚ್ಚಿದ ಬಾಗಿಲಿನ ಮುಂದೆ ಕುಕ್ಕರಿಸಿ ರಾಗ ಎತ್ತಿದಳು.

“ಯಪ್ಪಾ ನನ್ನ ರಾಜಕುಮಾರಾ... ನಮ್ಮನ್ನ ಬಿಟ್ಟ ಎಲ್ಲಿ ಹೋದ್ಯೋ ನನ್ನ ಮಗನಾ... ಮಗ್ಗ ಒಲ್ಲೆಂತ ಸಾಲಿ ಕಲತ್ಯೋ... ಕಲತ ಕಲತ ಕಣ್ಣ ಕಳಕೊಂಡ್ಯೋ... ಜಮಖಂಡಿ ಬಸ್ಸಿನ್ಯಾಗ ನಿಂತ ನಿಂತ ಸೊರಗಿದ್ಯೋ... ನೌಕರಿ ಕಾಯಂ ಆಗೂದ್ರಾಗ ನೀನ ಹೋದ್ಯಲ್ಲೋ...”

ಎದ್ದು ಬಾಗಿಲು ತೆರೆಯಬೇಕೆಂದು ರಾಜಕುಮಾರ ಕುರ್ಚಿಯ ಕೈ ಹಿಡಿದ. ಆದರೆ ಏಳಲಿಲ್ಲ. ವಿಶ್ವವಿದ್ಯಾಲಯಕ್ಕೆಂದು ಅವನು ಬರೆದಿಟ್ಟ ಸ್ವಪರಿಚಯ ಪುಟಗಟ್ಟಲೆ ಇತ್ತು, ಹೋದ ವಿಚಾರ ಸಂಕಿರಣಗಳೆಲ್ಲ ಅದರಲ್ಲಿದ್ದವು. ಅತ್ತೆ ಅದನ್ನು ನಾಲ್ಕು ಸಾಲಿಗೆ ತಂದಿದ್ದಳು, ಮತ್ತು ಸತ್ತದ್ದೊಂದನ್ನು ಬಿಟ್ಟರೆ ಒಂದು ಮಾತೂ ಸುಳ್ಳಿರಲಿಲ್ಲ. ಮುಂದೇನು ಹೇಳುತ್ತಾಳೋ ಕೇಳೋಣ ಅನ್ನಿಸಿತು. ಅದೇ ಅವನು ಮಾಡಿದ ತಪ್ಪು.

“ಲೆಕ್ಚರರ ಅಂತ ಹೇಳಿ ಬಾಡಗಂಡಿ ಹೆಣ್ಣ ತಂದಿದ್ವೋ... ಅತಿಥಿ ಅಂತ ಹೇಳಿರಲಿಲ್ಲೋ... ಆ ಹುಡುಗಿಗೆ ಇನ್ನ ಏನಂತ ಹೇಳೂಣೋ...”

ಫೋನಿನ ಹಿಂದೆ ವಂದನಾ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಅಳುತ್ತಿದ್ದಾಳೆಂದು ನೋಡಿದರೆ ಭುಜ ಕುಣಿಸುತ್ತ ನಗುತ್ತಿದ್ದಳು. “ಇಷ್ಟ ವರ್ಷಕ್ಕ ಖರೆ ಹೊರಗ ಬಂತ ನೋಡ್ರಿ. ಬಾಗಲಾ ತಗೀರಿ, ಇಲ್ಲಾಂದ್ರ ಇನ್ನೂ ಏನೇನ ಬರತೈತೋ.”

ಬಾಗಿಲು ತೆರೆಯಿತು. ಹಿಂದೆ ಬಿಳಿ ಚಾದರ, ಮೈಮೇಲೆ ಬಿಳಿ ಅಂಗಿ, ಸುಣ್ಣ ಬಳಿದಂಥ ಮುಖ. ಇಂದ್ರವ್ವ ಚಿಟ್ಟನೆ ಚೀರಿ ಹಿಂದಕ್ಕೆ ಬಿದ್ದು, ಎದ್ದು, ಅವನ ತೋಳನ್ನೊಮ್ಮೆ ಜಿಗುಟಿ ನೋಡಿ, ಬೆನ್ನಿಗೆ ಧಪ್ಪನೆ ಗುದ್ದಿದಳು.

“ಲೇ ಬಾಡ್ಯಾ! ಜೀವಂತ ಇದ್ದಾಂವ ಒಂದ ದನೀ ಕೊಡಾಕ ಏನಾಗಿತ್ತೋ ನಿನಗ?”

“ಅತ್ತೀ, ಪಾಠ ಮಾಡಾಕತ್ತಿದ್ನಿ.”

“ಪಾಠಕ್ಕ ಯಾರರ ಮಗ್ಗ ನಿಲ್ಲಸ್ತಾರೇನೋ! ಅಡಗಿ ಬಿಟ್ಟ ಬಂದೇನಿ ನಾನು.”

ಅಷ್ಟೊತ್ತಿಗೆ ಅಂಗಳ ತುಂಬಿತ್ತು. ಅತ್ತವರು, ಅಳಲು ಬಂದವರು, ಕೂಸನ್ನು ಸೊಂಟಕ್ಕೇರಿಸಿಕೊಂಡ ಭಾಗ್ಯಾ, ನಗು ತಡೆಯಲಾಗದೆ ಕಟ್ಟೆ ಹಿಡಿದು ನಿಂತ ಗುರುಪಾದ. ಕೆಲಸ ಕೆಟ್ಟಿತೆಂದು ನಾಮದೇವ ಮಗ್ಗದ ಸ್ವಿಚ್ಚಿಗೆ ಕೈ ನೀಡಿದ.

“ತಡಿಯೋ ನಾಮದೇವಾ” ಎಂದು ಇಂದ್ರವ್ವ ಒಳಗೆ ಬಂದು ನೆಲದ ಮೇಲೆ ಕೂತಳು. “ಬಂದ ಮ್ಯಾಲ ಸುಮ್ನ ಹೋಗಂಗಿಲ್ಲ. ಅದೇನ ಹೇಳತಿದ್ದೀ, ಹೇಳ. ಕೇಳೇ ಹೊಕ್ಕೀನಿ.”

ಬಂದವರೆಲ್ಲ ಹಾಗೆಯೇ ಕೂತರು. ರಾಜಕುಮಾರ ಫೋನನ್ನು ಮರೆತು ಅವರಿಗೇ ಹೇಳತೊಡಗಿದ. ಒಲೆಯ ಮೇಲೆ ಮುಚ್ಚಿಟ್ಟ ಬೇಳೆ ಉಕ್ಕುವುದರಿಂದ ಶುರುಮಾಡಿದ. ಭೂಮಿಯ ತೊಗಟೆ ಎಲ್ಲಿ ತೆಳುವೋ ಅಲ್ಲಿ ಒಳಗಿನದು ಹೇಗೆ ದಾರಿ ಹುಡುಕುತ್ತದೆಂದು ಕೈಯಾಡಿಸಿ ತೋರಿಸಿದ. ಇಂದ್ರವ್ವ ನಡುವೆ ಬಾಯಿ ಹಾಕಿದಳು.

“ಒಡಿಯೂ ಮೊದಲ ಸುಳಿವು ಕೊಡೂದಿಲ್ಲೇನು?”

“ಕೊಡ್ತೈತಿ ಅತ್ತೀ. ನೆಲಾ ಸಣ್ಣಗ ನಡಗತೈತಿ, ಹೊಗಿ ಬರತೈತಿ.”

“ಮತ್ತ ಜನಾ ಯಾಕ ಅಲ್ಲೇ ಇರ್ತಾರ?”

“ಮಣ್ಣ ಛಲೋ ಇರತೈತಿ, ಬೆಳಿ ಭಾಳ ಬರತೈತಿ. ಅದಕ್ಕ ಬಿಟ್ಟ ಹೋಗಾಕ ಮನಸಾಗೂದಿಲ್ಲ.”

“ಹೂಂ, ಅದೂ ಖರೇನ” ಎಂದು ಆಕೆ ಸೆರಗು ಸರಿಪಡಿಸಿಕೊಂಡು ಕೂತಳು.

ನಾಮದೇವ ಬಾಗಿಲಿನ ಚೌಕಟ್ಟಿಗೆ ಒರಗಿ ಕೊನೆಯವರೆಗೆ ನಿಂತಿದ್ದ. ತಮ್ಮ ಪಾಠ ಮಾಡುವುದನ್ನು ಅವನು ಎಂದೂ ಕೇಳಿರಲಿಲ್ಲ. ಮಗ್ಗ ಬಿಟ್ಟು ಜಮಖಂಡಿಗೆ ಹೋಗಿ ಕಾಲೇಜಿನಲ್ಲಿ ಕೂರುವವನೂ ಅಲ್ಲ. ಮುಗಿದ ಮೇಲೆ ಹತ್ತಿರ ಬಂದು, “ಛಲೋ ಹೇಳ್ತಿಯೋ ತಮ್ಮಾ. ನನಗ ತಿಳೀತಂದ್ರ ನಿನ್ನ ಹುಡುಗೋರಿಗೂ ತಿಳದಿರಬೇಕು” ಎಂದ. ಮಗ್ಗದ ಕಡೆ ತಿರುಗಿ, “ಆದ್ರ ಭಾಳ ಒದರ್ತೀಯಪಾ” ಎಂದು ಹೋಗಿ ಸ್ವಿಚ್ಚು ಒತ್ತಿದ. ಭಾಗ್ಯಾಳ ಕೂಸು ಕಣ್ಣು ಮುಚ್ಚಿತು.

ವಂದನಾ ಫೋನು ನಿಲ್ಲಿಸಿಯೇ ಇರಲಿಲ್ಲ. ಇನ್ನೊಮ್ಮೆ ಮಗ್ಗ ನಿಲ್ಲಿಸಿರೆಂದು ಕೇಳುವ ಮುಖ ಯಾರಿಗೂ ಉಳಿದಿರಲಿಲ್ಲವಾದ್ದರಿಂದ, ಮೊದಲಿನ ಅಳುವನ್ನು ಕತ್ತರಿಸಿ ಉಳಿದದ್ದನ್ನು ಸಂಜೆ ಕಳಿಸಿದರು. ಕತ್ತರಿಸಿದ್ದನ್ನು ಮಾತ್ರ ವಂದನಾ ಅಳಿಸಲಿಲ್ಲ, ಬೇಕಾಗುತ್ತದೆ ಎಂದಳು. ಯಾವುದಕ್ಕೆಂದು ಕೇಳುವ ಧೈರ್ಯ ಗಂಡನಿಗೆ ಬರಲಿಲ್ಲ.

ವಾರ ಕಳೆದ ಮೇಲೆ ಉತ್ತರ ಬಂತು. ನಿರೂಪಣೆ ಸ್ಪಷ್ಟವಾಗಿದೆ, ಉದಾಹರಣೆಗಳು ಹಿಡಿಸಿದವು, ಮುಂದಿನ ತಿಂಗಳು ಸ್ಟುಡಿಯೋಗೆ ಬರಬೇಕು. ಬರುವಾಗ ಶ್ರೋತೃಗಳನ್ನು ಕರೆತರಬಾರದು. ದನಿಯನ್ನು ಅರ್ಧಕ್ಕೆ ಇಳಿಸುವುದನ್ನು ರೂಢಿ ಮಾಡಿಕೊಳ್ಳಬೇಕು.

ಅಂದಿನಿಂದ ರಾಜಕುಮಾರ ಮುಂಜಾನೆ ಬಸ್ಸಿಗೆ ಹೊರಡುವ ಮೊದಲು ಕನ್ನಡಿಯ ಮುಂದೆ ನಿಂತು ಮೆಲುದನಿಯಲ್ಲಿ ಪಾಠ ಒಪ್ಪಿಸತೊಡಗಿದ. ಈಚೆ ಅಣ್ಣನ ಮಗ್ಗ, ಆಚೆ ಗುರುಪಾದನ ಮಗ್ಗ. ತಾನು ಹೇಳುತ್ತಿರುವುದು ಸರಿಯೋ ತಪ್ಪೋ, ಹೇಳುತ್ತಿರುವುದಾದರೂ ಹೌದೋ ಅಲ್ಲವೋ, ಅವನಿಗೇ ತಿಳಿಯುತ್ತಿರಲಿಲ್ಲ. ಚಹಾ ತಂದ ವಂದನಾ ಸ್ವಲ್ಪ ಹೊತ್ತು ನೋಡಿ, ಕಿವಿಗೆ ಬಾಯಿಯಿಟ್ಟು ಕೂಗಿದಳು.

“ರೀ, ಮಾತಾಡಾಕತ್ತೀರೋ, ಎಲಿ ಅಡಕಿ ಅಗಿಯಾಕತ್ತೀರೋ?”

“ಪಾಠ!” ಎಂದು ಅವನು ಎಂದಿನಂತೆ ಒದರಿದ.