ಮನೆಗೆ ಅಂಟಿದ್ದು ಮನೆ ಕೊಂಡವರಿಗೆ

ಪರದೇಶದ ಕಮ್ಮಿಂಗ್ ಊರಿನ ಮನೆ ಮಾರಿ, ಸಾಮಾನು ತುಂಬಿದ ಲಾರಿ ರಾಕ್‌ವಿಲ್ ಕಡೆಗೆ ಹೊರಟ ಮೇಲೆ ಕರಬಸಪ್ಪನ ಬಲಗೈ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿತು. ಹಸಿ ಬಣ್ಣಕ್ಕೆ ಮೆತ್ತಿಕೊಂಡಿತು ಎಂದಲ್ಲ. ಬಣ್ಣ ಎಂದೋ ಒಣಗಿತ್ತು. ಹೊರಡುವ ಮುನ್ನ ಒಂದು ಸಲ ಮುಟ್ಟೋಣವೆಂದು ಮುದುಕ ಅಂಗೈ ಊರಿದ, ಗೋಡೆ ಹಿಡಿದುಕೊಂಡಿತು. ಅಥವಾ ಕೈಯೇ ಗೋಡೆಯನ್ನು ಹಿಡಿದುಕೊಂಡಿತು. ಯಾರು ಯಾರನ್ನು ಹಿಡಿದರು ಎಂಬುದು ಆಮೇಲೆ ದೊಡ್ಡ ತಕರಾರಾಯಿತು.

ಅವನು ಕೂಗಲಿಲ್ಲ. ಕೂಗುವ ಸ್ವಭಾವದವನಲ್ಲ. ಮಗಳು ಸ್ಮಿತಾ ಒಳಗೆ ಬಂದು, "ಯಪ್ಪಾ, ನಡೀ ಇನ್ನ" ಎಂದಳು.

"ನಡೀತೀನವ್ವಾ. ಕೈ ಬರವಲ್ದು."

ಅಳಿಯ ಪವನ ಮಾವನ ಸೊಂಟ ಹಿಡಿದು ಎಳೆದ. ಎಳೆದಷ್ಟೂ ಕೈ ಬಿಗಿಯಾಯಿತು. ಸೋಪು ಹಚ್ಚಿದರು, ಬಿಸಿನೀರು ಹಾಕಿದರು. ಮತ್ತೆ ಎಳೆದರೆ ಗೋಡೆಯೇ ಕಿರ್ರೆಂದಿತು.

"ಎಳೀಬ್ಯಾಡ!" ಎಂದಳು ಸ್ಮಿತಾ. ಅಪ್ಪನ ಅಂಗೈ ಹತ್ತಿರ ಮುಖ ತಂದು ನೋಡುತ್ತಿದ್ದವಳ ಕಣ್ಣಲ್ಲಿ ಗಾಬರಿಗಿಂತ ಒಂದು ಚೂರು ಖುಷಿಯೇ ಹೆಚ್ಚಾಗಿತ್ತು. ಅವಳ ಕೆಲಸವೇ ಅಂಥದು. ಜೀವಕೋಶಗಳು ತಮ್ಮ ಸುತ್ತಲಿನದನ್ನು ಹೇಗೆ ಹಿಡಿದುಕೊಳ್ಳುತ್ತವೆ ಎಂದು ನೋಡುವುದು. ಅದಕ್ಕೇ ರಾಕ್‌ವಿಲ್‌ನಲ್ಲಿ ಕೆಲಸ ಸಿಕ್ಕಿದ್ದು, ಅದಕ್ಕೇ ಮನೆ ಮಾರಿದ್ದು.

"ಯಪ್ಪಾ, ಜೀವಕೋಶದ ಮೈಮ್ಯಾಲೆ ಸಣ್ಣ ಸಣ್ಣ ಕೈ ಇರ್ತಾವ. ಇಂಟೆಗ್ರಿನ್ ಅಂತೀವಿ. ಹೊರಗ ಪ್ರೋಟೀನಿನ ಎಳಿ ಇರ್ತಾವ, ಬಲಿ ಹೆಣೆದಂಗ. ಈ ಕೈ ಆ ಎಳಿ ಹಿಡ್ಕೊಂಡಿರ್ತಾವ. ಜಗ್ಗಿದ್ರ ಇನ್ನೂ ಗಟ್ಟಿ ಹಿಡೀತಾವ."

"ಬಿಡೂದು ಯಾವಾಗ?"

"ಬಿಡು ಅನ್ನೂ ಮಾತು ಕೋಶದ ಒಳಗಿಂದ ಬರಬೇಕು. ಆಗ ಆ ಕೈ ತಲಿ ಬಗ್ಗಿಸಿ ಸುಮ್ನಾಗ್ತದ."

"ಹಿಡಿಯಾಕ ಏನೂ ಸಿಗದಿದ್ರ?"

ಸ್ಮಿತಾ ಅಂಗೈಯಿಂದ ಮುಖ ಎತ್ತಿದಳು. "ಸಾಯ್ತದ. ತಾನ ಸಾಯ್ತದ."

ಕರಬಸಪ್ಪ ತಲೆಯಾಡಿಸಿದ. ಇದರಲ್ಲಿ ಅವನಿಗೆ ಹೊಸದೇನೂ ಕಾಣಲಿಲ್ಲ.

ಅಷ್ಟರಲ್ಲಿ ಮನೆ ಕೊಂಡ ಮೈಸೂರಿನ ದಂಪತಿ ಬದರಿನಾಥ, ವರಲಕ್ಷ್ಮಿ ಕೊನೆಯ ಸಲ ಮನೆ ನೋಡಲು ಬಂದರು. ಮೂರು ಗಂಟೆಗೆ ರುಜು ಹಾಕಿ ಕೀಲಿ ತೆಗೆದುಕೊಳ್ಳುವವರು. ಬದರಿನಾಥ ಲೈಟು ಹಾಕಿ ನೋಡಿದ, ನಲ್ಲಿ ತಿರುಗಿಸಿದ, ಮುದುಕನ ಎದುರು ನಿಂತ.

"ಇವ್ರು?"

"ನಮ್ಮ ತಂದೆ. ಸ್ವಲ್ಪ ಅಂಟ್ಕೊಂಡಾರ," ಎಂದಳು ಸ್ಮಿತಾ.

ಬದರಿನಾಥ ಫೋನಿನಲ್ಲಿ ಕರಾರು ತೆಗೆದ. "ನೋಡಿ ಮೇಡಂ, ಮನೆಗೆ ಅಂಟಿರೋದೆಲ್ಲ ಮನೆ ಜೊತೆ ಬರುತ್ತೆ ಅಂತಿದೆ. ಫ್ಯಾನು, ಲೈಟು, ಕರ್ಟನ್ ರಾಡು..."

"ಅಂಕಲ್ಲೂ ಅಂಟ್ಕೊಂಡಿದಾರಲ್ಲ ರೀ," ಎಂದಳು ವರಲಕ್ಷ್ಮಿ.

ಪವನ ನಕ್ಕ. ಬೇರೆ ಯಾರೂ ನಗಲಿಲ್ಲ. ಎರಡೂ ಕಡೆಯ ಏಜೆಂಟರಿಗೆ ಫೋನ್ ಹೋಯಿತು. ಮಾರುವವರು ಇಂಥದನ್ನು ಬಿಟ್ಟುಕೊಡುವುದಿಲ್ಲವೆಂದು ಮೊದಲೇ ಬರೆದಿಟ್ಟಿದ್ದರೆ ಬೇರೆ ಮಾತು, ಈಗ ಮೂರು ಗಂಟೆಗೆ ಗೋಡೆಯ ಮೇಲೆ ಏನಿರುತ್ತದೋ ಅದು ಕೊಂಡವರದು ಎಂದು ಇಬ್ಬರೂ ಹೇಳಿದರು. ಹೋದ ತಿಂಗಳು ಒಂದು ಕನ್ನಡಿಯ ವಿಷಯದಲ್ಲೂ ಹೀಗೇ ಆಗಿತ್ತಂತೆ.

"ಎಷ್ಟೊಂದು ಮನೆ ನೋಡಿದ್ವಿ," ಎಂದಳು ವರಲಕ್ಷ್ಮಿ. "ಬೇಸ್‌ಮೆಂಟ್ ಇರೋದು ಸಿಕ್ತು, ಡೆಕ್ ಇರೋದು ಸಿಕ್ತು. ಅಜ್ಜ ಇರೋ ಮನೆ ಒಂದೂ ಸಿಗ್ಲಿಲ್ಲ. ಅಂಕಲ್, ನಿಮ್ಗೆ ಶುಗರ್ ಇದ್ಯಾ? ಬಿಸಿಬೇಳೆಬಾತ್ ಆಗುತ್ತಾ?"

"ಆಗ್ತದ ತಾಯಿ," ಎಂದ ಕರಬಸಪ್ಪ. ಕೇಳಿದ್ದಕ್ಕೆ ಉತ್ತರ ಹೇಳದಿರುವುದು ಅವನಿಗೆ ಗೊತ್ತಿರಲಿಲ್ಲ.

"ಏನ್ ಆಗ್ತದ!" ಸ್ಮಿತಾ ದನಿ ಏರಿತು. "ನಮ್ಮಪ್ಪನ್ನ ಸೀಲಿಂಗ್ ಫ್ಯಾನ್ ಅಂತ ತಿಳಿದೀರೇನು? ಪವನ್, ಗರಗಸ ತಗೊಂಡ್ ಬಾ. ಗ್ವಾಡಿನ ಕೊಯ್ಯೋಣ."

"ಗೋಡೆ ನಮ್ದು ಮೇಡಂ," ಎಂದ ಬದರಿನಾಥ, ಬೇಸರದಿಂದಲೇ.

ಕರಬಸಪ್ಪ ಗೋಡೆ ನೋಡುತ್ತ ನಿಂತ. ಮೂರು ತಿಂಗಳಿಗೆಂದು ಊರಿನಿಂದ ಮಗಳ ಮನೆಗೆ ಬಂದಿದ್ದರು ಅವನೂ ಹೆಂಡತಿ ಬಸವ್ವನೂ. ಅದೇ ವರ್ಷ ರೋಗ ಬಂದು ವಿಮಾನ ನಿಂತವು. ಬಸವ್ವ ಇದೇ ಗೋಡೆಗೆ ತಲೆಯಾನಿಸಿ ಕುಳಿತು ಮೆಂತ್ಯೆಸೊಪ್ಪು ಸೋಸುತ್ತಿದ್ದಳು. ಎರಡನೆಯ ಚಳಿಗಾಲ ಅವಳು ಹೋದಳು. ಅವಳ ತಲೆಯ ಎಣ್ಣೆ ಉಳಿಯಿತು, ಗೋಡೆಯ ಮೇಲೆ, ತಟ್ಟೆಯಗಲ. ಅದರೆದುರು ಕುಳಿತು ಅವನು ಚಹಾ ಕುಡಿಯುತ್ತಿದ್ದ. ಗಿರಾಕಿಗಳು ಬರುತ್ತಾರೆಂದು ಸ್ಮಿತಾ ಅದರ ಮೇಲೆ ಬಿಳಿ ಬಣ್ಣ ಹೊಡೆಸಿದ್ದಳು.

ಸ್ಮಿತಾಳ ಕಣ್ಣು ಅಪ್ಪನ ಕೈ ಇದ್ದ ಜಾಗಕ್ಕೆ, ಅವ್ವನ ಎಣ್ಣೆಗುರುತಿದ್ದ ಕಡೆಯ ಮೇಲಂಚಿಗೆ ಹೋಯಿತು. ಗರಗಸದ ಮಾತು ಅಲ್ಲಿಗೇ ನಿಂತಿತು.

"ಯಪ್ಪಾ... ಬಣ್ಣ ಹೊಡೆಯೋ ಮುಂದ ಬ್ಯಾಡ ಅನಬಾರದಾಗಿತ್ತೇನು?"

"ಅಂದಿದ್ರ ಮನಿ ಮಾರೂದ್ ಬಿಡ್ತಿದ್ದೇನು?"

ಅವಳು ಹೊರಗೆ ಹೋದಳು. ಕಾರಿನ ಚೀಲದಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಚಿಕ್ಕಂದಿನಿಂದ ಎಣ್ಣೆ ಎಂದರೆ ಮೂಗು ಮುರಿದವಳು ಎಲ್ಲರೆದುರೇ ತಲೆಯ ಮೇಲೆ ಸುರಿದುಕೊಂಡು, ಅವ್ವ ಕೂಡುತ್ತಿದ್ದಲ್ಲೇ ಕುಳಿತು, ಗೋಡೆಗೆ ತಲೆಯಾನಿಸಿದಳು.

"ಜೀವಕೋಶ ನಡೀಬೇಕಾದ್ರ ಮುಂದ ಒಂದ್ ಕೈ ಊರ್ತದ ಯಪ್ಪಾ. ಆಮ್ಯಾಲೆ ಹಿಂದಿಂದು ಬಿಡ್ತದ. ಊರು."

ಕರಬಸಪ್ಪ ಎಡಗೈಯನ್ನು ಅವಳ ನೆತ್ತಿಯ ಮೇಲಿಟ್ಟ. ಬಲಗೈಯ ಕಿರುಬೆರಳು ಸಡಿಲವಾಯಿತು. ಆಮೇಲೆ ಪಕ್ಕದ್ದು. ಕಡೆಗೆ ಹೆಬ್ಬೆರಳು ಬಂದಾಗ ಮೂರು ಗಂಟೆಗೆ ಇನ್ನೂ ಹೊತ್ತಿತ್ತು.

"ಬಂತು!" ಎಂದ ಪವನ.

"ಇದು ಬರವಲ್ದು," ಎಂದ ಮಾವ. ಎಡಗೈ ಮಗಳ ತಲೆಗೆ ಅಂಟಿತ್ತು.

ಗೋಡೆಯ ಮೇಲೆ ಈಗ ಒಂದು ಅಂಗೈಯ ಗುರುತು, ಅದರ ಕೆಳಗೆ ತಟ್ಟೆಯಗಲ ಎಣ್ಣೆ. ಪವನ ನಾಚಿ, ಉಳಿದಿದ್ದ ಬಣ್ಣ, ಬ್ರಷ್ ತಂದ. ವರಲಕ್ಷ್ಮಿ ಅಡ್ಡ ನಿಂತಳು. "ಮುಟ್ಬೇಡಿ. ಅಂಕಲ್ ಹೋದ್ರು, ಇದಾದ್ರೂ ಇರ್ಲಿ. ಗೋಡೆಗೆ ಅಂಟಿದ್ದು ನಮ್ದು."

ಪವನ ಗಾಡಿ ಓಡಿಸಿದ. ಹಿಂದಿನ ಸೀಟಿನಲ್ಲಿ ಅಪ್ಪ, ಮಗಳು, ಅವಳ ತಲೆಯ ಮೇಲೆ ಅವನ ಕೈ. ಸೌತ್ ಕೆರೊಲಿನಾ ಹಾಗೇ ದಾಟಿತು. ನಾರ್ತ್ ಕೆರೊಲಿನಾದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಪೆಟ್ರೋಲಿಗೆ ನಿಂತಾಗ ಸ್ಮಿತಾ ಮೆಲ್ಲಗೆ, "ಯಪ್ಪಾ, ನಾ ಒಳಗ ಹೋಗಬೇಕು," ಎಂದಳು. ಎದುರಿನ ಶೌಚಾಲಯದ ಬಾಗಿಲಿನ ಮೇಲೆ ಹೆಂಗಸಿನ ಚಿತ್ರವಿತ್ತು.

ಕರಬಸಪ್ಪ ಆ ಚಿತ್ರವನ್ನು ನೋಡಿದ, ಮಗಳನ್ನು ನೋಡಿದ. ಯಾರೂ ಎಳೆಯಲಿಲ್ಲ.

"ಹೋಗಿ ಬಾರವ್ವಾ," ಎಂದ.

ಕೈ ಬಂತು.

ಅವಳು ಬರುವವರೆಗೂ ಕಾರಿನಲ್ಲಿ ಆ ಕೈಯನ್ನು ಎಲ್ಲಿಯೂ ತಾಗಿಸದೆ, ತುಂಬಿದ ಬಟ್ಟಲು ಹಿಡಿದವನಂತೆ ಅಂಗಾತ ಹಿಡಿದು ಕುಳಿತಿದ್ದ. ಪವನ ನೀರಿನ ಬಾಟಲಿ ಚಾಚಿದರೆ, "ಬ್ಯಾಡ ಬ್ಯಾಡ, ಆ ಕಡೆ ಇಡ್ರಿ," ಎಂದ. ಸ್ಮಿತಾ ಬಂದು ಬಾಗಿಲು ತೆಗೆದಳು. ಕುಳಿತುಕೊಳ್ಳುವ ಮುನ್ನವೇ ತಲೆ ಬಗ್ಗಿಸಿದಳು.