ಪಿಯಾನೊ ಬೀದಿಗೆ ಬಂತು

ನನ್ನ ಗಂಡ ಮತ್ತು ನನ್ನ ಅಣ್ಣ ಮಾತು ಬಿಟ್ಟಿದ್ದರು. ಬಿಟ್ಟ ಮಾತೆಲ್ಲ ಬಂದು ಬೀಳುತ್ತಿದ್ದದ್ದು ನನ್ನ ತಲೆಯ ಮೇಲೆ. ಒಂದೇ ಮೇಜಿಗೆ ಊಟಕ್ಕೆ ಕೂತು, "ನೀರಿನ ಜಗ್ ಕೊಡೋಕೆ ನಿನ್ನ ಗಂಡನಿಗೆ ಹೇಳು" ಅಂತ ಅಣ್ಣ. "ಜಗ್ ಖಾಲಿ ಅಂತ ನಿನ್ನ ಅಣ್ಣನಿಗೆ ಹೇಳು" ಅಂತ ಇವರು. ನಡುವೆ ನಾನೊಂದು ಪೋಸ್ಟ್ ಆಫೀಸು.

ಇಬ್ಬರದೂ ಒಂದೇ ಕಸುಬು, ಒಂದೇ ವ್ಯಾನು. ಮನೆ ಬದಲಿಸುವವರ ಸಾಮಾನು ಸಾಗಿಸುತ್ತಾರೆ. ಭಾರದ್ದೇನಾದರೂ ಹಿಡಿದರೆ ನನ್ನ ಗಂಡ ಹಿಂದು ಹಿಂದಕ್ಕೆ ನಡೆಯುತ್ತಾರೆ, ತಿರುಗಿ ನೋಡುವ ಮಾತೇ ಇಲ್ಲ. ಎದುರಿಗಿರುವ ಅಣ್ಣ ಬಾಯಲ್ಲಿ ದಾರಿ ಹೇಳುತ್ತಾನೆ. ಇಡುವಾಗ ಅವನು "ಇಳಿಸು" ಅನ್ನಬೇಕು, ಇವರು "ಇಳಿಸಿ" ಅನ್ನಬೇಕು, ಆಮೇಲೆಯೇ ಕೈ ಬಿಡುವುದು. ಅಷ್ಟಾದರೂ ಒಬ್ಬ ಗಿರಾಕಿಯ ಕನ್ನಡಿ ಬೀರು ಬಿದ್ದು ಚೂರುಚೂರಾಯಿತು. ಮೊದಲು ಬಿಟ್ಟವನು ನೀನು, ಅಲ್ಲ ನೀವು, ಅಂತ ಶುರುವಾದ ಜಗಳ ವ್ಯಾನು ಮಾರುವವರೆಗೆ ಬಂದು ನಿಂತಿತು. ಕೊಳ್ಳುವ ತರಕಾರಿ ವ್ಯಾಪಾರಿ ಇವತ್ತೇ ಬರುವವನಿದ್ದ. ವ್ಯಾನು ಹೋದರೆ ಈ ಜೋಡಿ ಮುರಿದ ಹಾಗೆ. ಆಮೇಲೆ ಗಂಡನಿರುವಲ್ಲಿ ಅಣ್ಣ ಇಲ್ಲ, ಅಣ್ಣನಿರುವಲ್ಲಿ ಗಂಡ ಇಲ್ಲ. ನೆನೆದರೆ ಅಳು ಬರುತ್ತಿತ್ತು, ಅದಕ್ಕಿಂತ ಮೊದಲು ಸಿಟ್ಟು ಬರುತ್ತಿತ್ತು.

ನನ್ನದು ವಿಡಿಯೊ ಗೇಮ್ ಅಂಗಡಿ. ಇಷ್ಟು ವರ್ಷ ಆಟ ಪರದೆಯೊಳಗಿತ್ತು, ಆಡುವವರು ಹೊರಗೆ ಕೂತು ಬಟನ್ ಒತ್ತುತ್ತಿದ್ದರು. ಈಗ ವಿಆರ್ ಬಂದಿದೆ. ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಸಾಕು, ನಾವೇ ಆಟದೊಳಗೆ. ಮೀಸೆ ಹೊತ್ತ ಗಂಡಸರು ಆಟಕ್ಕೆಂದು ಅಂಗಡಿಯಲ್ಲಿ ಹಾಸಿದ ಚಾಪೆಯ ಮೇಲೆ ನಿಂತು ಪ್ರಪಾತ ಕಂಡವರಂತೆ ಕಿರುಚುವುದನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ. ಅದರಲ್ಲಿ ಇಬ್ಬರು ಸೇರಿ ಆಡುವ ಆಟವೊಂದಿದೆ. ಬೆಟ್ಟದ ಮೇಲಿನ ಕೋಟೆಯಿಂದ ಪಿಯಾನೊ ಕೆಳಗೆ ತರಬೇಕು. ಕಿವಿ ಮುಚ್ಚಿರುತ್ತದೆ. ಜೊತೆಗಾರನ ದನಿ ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಅಂದರೆ ಪೋಸ್ಟ್ ಆಫೀಸು ಬಂದ್!

ಯಂತ್ರ ಸರಿಯಿದೆಯೋ ನೋಡಿ ಹೇಳಿ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದೆ. ಎದುರುಬದುರಾಗಿ ಮುಖ ಸಿಂಡರಿಸುವಷ್ಟರಲ್ಲಿ ಹೆಡ್‌ಸೆಟ್ ಕಟ್ಟಿ ಆಟ ಶುರು ಮಾಡಿಬಿಟ್ಟೆ.

"ನಿನ್ನ ಗಂಡನಿಗೆ ಹೇಳು, ನಾನು ಇವನ ಜೊತೆ..." ಅಂತ ಅಣ್ಣ ಬಾಯಿ ತೆಗೆದ. ನಾನು ನನ್ನ ಬಾಯಿ ಮುಚ್ಚಿಕೊಂಡು ನಿಂತೆ.

ಅಷ್ಟರಲ್ಲಿ ಪಿಯಾನೊ ವಾಲಿತು.

"ಜಾರ್ತಿದೆ, ಜಾರ್ತಿದೆ! ಹಿಡ್ಕೊಳೋ ಮಹರಾಯ!"

"ಹಿಡಿದಿದೀನಿ ಭಾವ! ನಿಮ್ ಕಡೆ ಎತ್ತಿ!"

ನಾನು ಕುರ್ಚಿ ಹತ್ತಿ ಕುಣಿಯುವುದೊಂದು ಬಾಕಿ. ಮಾತಾಡಿದರು! ಬೈದಾಡಿಕೊಂಡಾದರೂ ಮಾತಾಡಿದರು!

ಕೋಟೆಯ ಬಾಗಿಲು ಕಿರಿದು. ಬೇರೆಯವರೆಲ್ಲ ಅಲ್ಲಿಗೆ ಬಂದೊಡನೆ ಪಿಯಾನೊವನ್ನು ಕಿಟಕಿಯಿಂದಾಚೆ ಎಸೆದು ಹೋ ಅನ್ನುತ್ತಾರೆ, ಆಟ ಇರುವುದೇ ಹಾಗೆ. ಈ ಮಹಾನುಭಾವರು ಎಸೆಯುತ್ತಾರೆಯೇ?

"ಇಲ್ಲಿ ತೂರಲ್ಲ, ಗೀರು ಬೀಳತ್ತೆ," ಅಂದ ಅಣ್ಣ. "ಹಿಂದಿನ ಬಾಗಿಲಲ್ಲಿ ತಗೊಂಡು ಹೋಗೋಣ. ನಿನ್ ಹಿಂದೆ ಏನೋ ಕೆಂಪು ಬಲೆ ಕಾಣ್ತಿದೆ."

"ಸೊಳ್ಳೆ ಪರದೆ ಇರ್ಬೇಕು ಭಾವ. ದಾಟ್ತೀನಿ."

ಆ ಬಲೆ ಚಾಪೆ ಮುಗಿಯಿತು, ಮುಂದೆ ಹೋಗಬೇಡಿ ಅಂತ ಹೆಡ್‌ಸೆಟ್ ತೋರಿಸುವ ಎಚ್ಚರಿಕೆ. ನನ್ನ ಗಂಡ ಅದನ್ನು ಬೆನ್ನಲ್ಲೇ ದಾಟಿ ಅಂಗಡಿಯ ಬಾಗಿಲೂ ದಾಟಿ ಬೀದಿಗೆ ಬಂದರು. ಅಣ್ಣ ಹಿಂದೆಯೇ. ನಾನು ಓಡಿ ಓಡಿ ದಾರಿ ಬಿಡಿಸಿದೆ, ನಗು ತಡೆಯಲಾಗದೆ ಕೂಗಲೂ ಆಗುತ್ತಿರಲಿಲ್ಲ. ಸೈಕಲ್ಲಿನವನೊಬ್ಬ ಇಳಿದು ನಿಂತ. ಒಬ್ಬರು ಅಜ್ಜಿ ಆ ಖಾಲಿ ಗಾಳಿಗೆ ಜಾಗ ಬಿಟ್ಟು ಗೋಡೆಗೆ ಒತ್ತಿ ನಿಂತು, "ನಿಧಾನಪ್ಪಾ, ಸೊಂಟ ಹಿಡ್ಕೊಂಡೀತು" ಅಂದರು.

ಅಂಗಡಿಯಿಂದ ದೂರವಾದದ್ದೇ ಸಿಗ್ನಲ್ ತಪ್ಪಿ ಆಟ ನಿಂತುಹೋಯಿತು.

"ಭಾವ, ಎಲ್ಲಾ ಕತ್ತಲೆ."

"ನಂಗೂ ಕತ್ತಲೆ."

"ಇಳಿಸೋಣ್ವಾ?"

ಇಬ್ಬರೂ ಕಾಣದೆಯೇ ಒಂದೊಂದು ಹೆಜ್ಜೆ ಇಡುತ್ತಲೇ ಇದ್ದರು. ನಾಲ್ಕು ಕೈಗಳೂ ಗಾಳಿಯಲ್ಲಿ ಹಾಗೇ ಇದ್ದವು. "ತಡಿ," ಅಂದ ಅಣ್ಣ. "ಆವತ್ತು ಬೀರು ಮೊದ್ಲು ಬಿಟ್ಟಿದ್ದು ನಾನೇ ಕಣೋ. ಬೆರಳು ಮರಗಟ್ಟಿತ್ತು. ನಿನ್ ಮೇಲೆ ಹಾಕ್ಬಿಟ್ಟೆ."

"ಬೆರಳು ನೋವು ಅಂತ ಹೇಳೋಕೇನಾಗಿತ್ತು?"

"ಹೇಳಿದ್ರೆ ವಯಸ್ಸಾಯ್ತು ಅಂತೀಯಲ್ಲ."

"ಅಂತೀನಿ. ಅಂದು ಸುಮ್ನಾಗ್ತೀನಿ. ಅದಕ್ಕೆ ವ್ಯಾನು ಮಾರ್ತಾರಾ ಯಾರಾದ್ರೂ?"

ನನ್ನ ಕಣ್ಣು ತುಂಬಿ ಬಂತು. ನಗುವೂ ನಿಂತಿರಲಿಲ್ಲ, ಮುಖದ ಅವತಾರ ಹೇಗಿತ್ತೋ ನಾ ಕಾಣೆ.

ರಸ್ತೆ ಬದಿಯಲ್ಲಿ ನಮ್ಮ ವ್ಯಾನಿನ ಪಕ್ಕ ತರಕಾರಿ ವ್ಯಾಪಾರಿ ಆಗಲೇ ಬಂದು ನಿಂತಿದ್ದ. ಭಾರ ಹೊತ್ತು ಬರುವವರನ್ನು ಕಂಡು ಕೈ ತನ್ನಷ್ಟಕ್ಕೇ ಹೋಯಿತೇನೋ, ಹಿಂದಿನ ಬಾಗಿಲು ತೆರೆದು ಹಿಡಿದ. ನನ್ನ ಗಂಡನ ಬೆನ್ನು ವ್ಯಾನಿಗೆ ತಗುಲಿತು. ಎಲ್ಲಿದ್ದೇನೆಂದು ಆ ಬೆನ್ನಿಗೆ ಗೊತ್ತಾಯಿತು.

"ವ್ಯಾನು ಬಂತು ಭಾವ. ತಿರುಗಿಸಿ. ಒಳಗೆ ನೂಕಿ."

"ಇಳಿಸು."

"ಇಳಿಸಿ."

ಇಬ್ಬರೂ ಒಟ್ಟಿಗೆ ಬಗ್ಗಿದರು, ಒಟ್ಟಿಗೆ ಕೈ ಬಿಟ್ಟರು. ಹೆಡ್‌ಸೆಟ್ ಕಳಚಿ ಖಾಲಿ ವ್ಯಾನನ್ನು ನೋಡಿದರು, ಒಬ್ಬರ ಬೆವರಿದ ಮುಖವನ್ನು ಇನ್ನೊಬ್ಬರು ನೋಡಿದರು.

ವ್ಯಾಪಾರಿ ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ ವ್ಯಾನು ಈಗ್ಲೇ ತಗೊಂಡು ಹೋಗ್ಲಾ?"

ನನ್ನ ಗಂಡ ಬಾಗಿಲು ಮುಚ್ಚಿ ಚಿಲಕ ಹಾಕಿದರು.

"ಹೇಗ್ರೀ ಆಗತ್ತೆ?" ಅಂದ ಅಣ್ಣ. "ಲೋಡ್ ಆಗಿದೆ, ಕಾಣ್ಸಲ್ವಾ?"